ಪರೀಕ್ಷೆಗೆ ಮುನ್ನ ಎರಡು ಹನಿ

"ನನಗೆ ಓದೋಕೆ ಆಗ್ತಿಲ್ಲ!"

ಪ್ರಶ್ನೆಪತ್ರಿಕೆ ಹಂಚಿ ಬೆಂಚುಗಳ ಸದ್ದು ಇನ್ನೂ ಅಡಗಿರಲಿಲ್ಲ. ಕಿಟಕಿ ಪಕ್ಕದ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತಿದ್ದಳು. ಪತ್ರಿಕೆಯನ್ನು ಮೂಗಿನ ತನಕ ತಂದಳು. ತೋಳುದ್ದ ದೂರ ಹಿಡಿದಳು. ಮತ್ತೆ ಹತ್ತಿರ ತಂದಳು.

"ಅಕ್ಷರ ಎಲ್ಲಾ ಮಸುಕು ಮಸುಕು... ಮೇಡಂ, ನನ್ನ ಕಣ್ಣಿಗೆ ಏನೋ ಆಗಿದೆ!"

ಬೈಯಲು ಹೋದ ಕೊಠಡಿ ಮೇಲ್ವಿಚಾರಕಿ ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಹುಡುಗಿಯ ಪಾಪೆಗಳು ಅರಳಿ ಕಣ್ಣಿನ ಕಂದು ಬಣ್ಣವನ್ನೇ ನುಂಗಿಬಿಟ್ಟಿದ್ದವು. ವಿಶ್ವವಿದ್ಯಾಲಯದ ಡಾಕ್ಟರು ಓಡಿ ಬಂದು ಟಾರ್ಚು ಬಿಟ್ಟರೆ ಆಕೆ ಕಿರುಚಿ ಮುಖ ಮುಚ್ಚಿಕೊಂಡಳು.

"ಪಾಪೆ ಹಿಗ್ಗಿಸೋ ಡ್ರಾಪ್ಸ್ ಬಿದ್ದಿದೆ," ಅಂದರು ಡಾಕ್ಟರು. "ಕಣ್ಣಾಸ್ಪತ್ರೇಲಿ ಕಣ್ಣು ನೋಡೋಕೆ ಮುಂಚೆ ಹಾಕ್ತಾರಲ್ಲ, ಅದು. ಸಂಜೆ ತನಕ ಈಕೆ ಓದೋ ಮಾತೇ ಇಲ್ಲ."

"ಇಲ್ಲ ಸರ್! ನಾನು ಹಾಕಿದ್ದು ಕಣ್ಣು ಒಣಗದ ಹಾಗೆ ಇರೋ ಡ್ರಾಪ್ಸು! ದಿನಾ ಬೆಳಿಗ್ಗೆ ಹಾಕ್ಕೋತೀನಿ! ಒಳಗೆ ಬರೋವಾಗ ಸ್ವಲ್ಪ ಮಬ್ಬಾಯ್ತು, ನಿದ್ದೆಗೆಟ್ಟಿದ್ದಕ್ಕೆ ಅಂದ್ಕೊಂಡೆ!"

ಹೊರಗೆ ಬಿಟ್ಟಿದ್ದ ಅವಳ ಚೀಲ ತರಿಸಿದೆವು. ಬಾಟಲಿಯ ಮೇಲಿನ ಚೀಟಿ ಅವಳು ಹೇಳಿದ್ದೇ. ಒಳಗಿದ್ದ ಔಷಧಿ ಮಾತ್ರ ಬೇರೆ—ಪ್ರಯೋಗಾಲಯದವರು ಮರುದಿನವೇ ಹೇಳಿಬಿಟ್ಟರು. ಮೂತಿಯ ಬಿರಡೆ ಕಿತ್ತು, ಇದ್ದದ್ದನ್ನು ಚೆಲ್ಲಿ, ಮತ್ತೊಂದನ್ನು ತುಂಬಿ, ಬಿರಡೆ ಒತ್ತಿಟ್ಟಿದ್ದರು. ಯಾರು?

ನಾನು ಪ್ರವೇಶ ವಿಭಾಗದ ಗುಮಾಸ್ತ. ನರ್ಸಿಂಗ್ ಪದವಿಗೆ ಬರುವ ಅರ್ಜಿ ತಿದ್ದಿ ತಿದ್ದಿ ನನ್ನ ತಲೆಗೂದಲು ಉದುರಿದೆ. ಹುಟ್ಟಿದ ತಾರೀಖಿನ ಜಾಗದಲ್ಲಿ ಅರ್ಜಿ ಹಾಕಿದ ತಾರೀಖು ಬರೆಯುವವರು, ತಮ್ಮ ಫೋಟೊ ಬದಲು ತಮ್ಮನ ಫೋಟೊ ಅಂಟಿಸುವವರು—ಎಂಥೆಂಥ ಮಹಾನುಭಾವರನ್ನೋ ಕಂಡಿದ್ದೇನೆ. ಆದರೆ ಈ ಹುಡುಗಿಯ ಅರ್ಜಿಯಲ್ಲಿ ಒಂದೂ ತಪ್ಪು ಹುಡುಕಲಾಗಿರಲಿಲ್ಲ. ಅದಕ್ಕೇ ನೆನಪಿತ್ತು. ವಯಸ್ಸಿನ ಮಿತಿ ಅವಳಿಗೆ ಈ ವರ್ಷಕ್ಕೆ ಮುಗಿಯುತ್ತಿತ್ತು. ಈ ಸಲ ಬಿಟ್ಟರೆ ನರ್ಸ್ ಆಗುವ ಆಸೆಗೆ ಎಳ್ಳುನೀರು.

ಒಂದು ದಾರಿ ಇತ್ತು. ಬೇರೆಯವರು ಬೇಕೆಂದೇ ಕೆಡಿಸಿದ್ದು ಸಾಬೀತಾದರೆ ಸೋಮವಾರದ ಮರುಪರೀಕ್ಷೆಗೆ ಕೂರಬಹುದು. ಸಾಬೀತಾಗದಿದ್ದರೆ? ಓದದೆ ಬಂದು ನಾಟಕ ಆಡಿದಳು ಅಂತಾಯಿತು. ಬಾಗಿಲು ಬಂದ್.

ಹುಡುಗಿ ಸುಮ್ಮನೆ ಕೂರಲಿಲ್ಲ. ಮರುದಿನವೇ ದೂರು ಬರೆದುಕೊಟ್ಟಳು. ಅದರಲ್ಲಿ ಹೆಸರು ಬರೆದದ್ದು ತನ್ನ ಜೊತೆಯೇ ಓದುತ್ತಿದ್ದ ಗೆಳತಿಯದು. ನಾವೂ ಕಮ್ಮಿಯೇನಲ್ಲ—ಗೆಳತಿಯ ಫಲಿತಾಂಶ ತಡೆಹಿಡಿದು, ಕಾರಣ ಸಮೇತ ನೋಟಿಸ್ ಬೋರ್ಡಿಗೆ ಅಂಟಿಸಿಬಿಟ್ಟೆವು. ಅಂಟಿಸಿದವನು ನಾನೇ.

ಆಮೇಲೆ ಕಡತ ಸೂಜಿಯ ಮೇಜಿಗೆ ಹೋಯಿತು.

ಸೂಜಿ ಅಂದರೆ ನಮ್ಮ ವಿಚಾರಣಾಧಿಕಾರಿ ಮೇಡಂ. ಪೊಲೀಸ್ ಇಲಾಖೆಯಿಂದ ನಿವೃತ್ತಿಯಾಗಿ ಬಂದವರು. ಆ ಹೆಸರಿಟ್ಟದ್ದು ವಿದ್ಯಾರ್ಥಿಗಳು. ಚುಚ್ಚುವಾಗ ಗೊತ್ತಾಗುವುದಿಲ್ಲ, ಆಮೇಲೆ ಉರಿಯುತ್ತದೆ. ಅವರು ಕೇಳುವುದು, ನಾನು ಹೇಳಿಕೆ ಬರೆದುಕೊಳ್ಳುವುದು.

ಮೊದಲು ಗೆಳತಿಯನ್ನು ಕರೆಸಿದರು. ಕಣ್ಣು ಊದಿತ್ತು. ಅಪ್ಪ ಹೊಡೆದದ್ದೋ, ಅತ್ತದ್ದೋ, ಕೇಳುವ ಧೈರ್ಯ ನನಗಾಗಲಿಲ್ಲ.

"ಪರೀಕ್ಷೆಯ ಹಿಂದಿನ ಸಂಜೆ ಅವಳ ಮನೇಲಿ ಇದ್ದೆಯಾ?"

"ಇದ್ದೆ. ಒಟ್ಟಿಗೆ ಓದಿದ್ವಿ."

"ಅವಳ ಚೀಲ?"

"ಕೆಳಗೆ ಹಾಲ್‌ನಲ್ಲೇ, ಮಂಚದ ಮೇಲೆ ಇತ್ತು. ಆದ್ರೆ ನಾನು ಮುಟ್ಟಿಲ್ಲ ಮೇಡಂ!"

"ನಿಮ್ಮಿಬ್ಬರ ಕಣ್ಣೂ ಒಂದೇ ಉಚಿತ ಸೀಟಿನ ಮೇಲೆ ಇತ್ತಂತೆ?"

"ಇತ್ತು. ಅವಳಿಗೇ ಸಿಗ್ತಿತ್ತು, ಅದೂ ಗೊತ್ತಿತ್ತು. ಅರ್ಜಿ ತುಂಬೋದು ಹೇಳ್ಕೊಟ್ಟಿದ್ದೂ ಅವಳೇ." ಅವಳು ದುಪಟ್ಟಾದ ತುದಿಯಿಂದ ಮೂಗು ಒರೆಸಿಕೊಂಡಳು. "ಈಗ ನಮ್ಮ ಬಾಗಿಲ ಮೇಲೆ ಇದ್ದಿಲಲ್ಲಿ 'ಕಣ್ಣು ಕುಕ್ಕಿದವಳು' ಅಂತ ಯಾರೋ ಬರೆದಿದ್ದಾರೆ. ಅಮ್ಮ ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಅವಳು? ಒಂದೇ ಒಂದು ಮಾತು?"

ಅವಳು ಹೋದ ಮೇಲೆ ನಾನೆಂದೆ, "ಚೆನ್ನಾಗಿ ಅಳ್ತಾಳೆ."

"ನೀವು ಚೆನ್ನಾಗಿ ಅಂಟಿಸ್ತೀರ," ಅಂದರು ಮೇಡಂ. "ನಡೀರಿ, ದೂರು ಕೊಟ್ಟವಳ ಮನೆ ನೋಡೋಣ."

ಕಿರಿದಾದ ಬೀದಿ, ಎರಡಂತಸ್ತಿನ ಸಾಲು ಮನೆ. ಹಾಲ್‌ನ ಕಿಟಕಿ ಪಕ್ಕ ದೊಡ್ಡ ಕುರ್ಚಿಯಲ್ಲಿ ಹುಡುಗಿಯ ಅಮ್ಮ ಕೂತಿದ್ದರು. ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿದರೆ ಹೆಚ್ಚು. ಮಧ್ಯಾಹ್ನದ ಬಿಸಿಲು ಮೈಮೇಲೆ ಬೀಳುತ್ತಿದ್ದರೂ ಪರದೆ ಪೂರ್ತಿ ತೆರೆದಿತ್ತು. ಮೊಣಕೈ ಹತ್ತಿರ ಒಂದು ತಟ್ಟೆ. ಅದರಲ್ಲಿ ಆಕೆಯ ಮಾತ್ರೆ, ಮುಲಾಮು, ಕಣ್ಣಿನ ಡ್ರಾಪ್ಸ್ ಬಾಟಲಿಗಳು. ಹಿಂದಿನ ತಿಂಗಳಷ್ಟೇ ಒಂದು ಕಣ್ಣಿನ ಪೊರೆ ತೆಗೆಸಿದ್ದರಂತೆ.

ಮೇಡಂ ಬಾಟಲಿಗಳನ್ನು ಒಂದೊಂದೇ ಎತ್ತಿ ನೋಡಿದರು. "ಪಾಪೆ ಹಿಗ್ಗಿಸೋ ಡ್ರಾಪ್ಸೂ ಕೊಟ್ಟಿದ್ರಾ ನಿಮಗೆ?"

"ಕೊಟ್ಟಿದ್ರು. ಆಪರೇಷನ್ ದಿನ ಮನೇಲೇ ಹಾಕ್ಕೊಂಡು ಬನ್ನಿ ಅಂತ. ಮಿಕ್ಕಿದ್ದು ಇಲ್ಲೇ ಬಿದ್ದಿತ್ತು. ಈಗ ಕಾಣ್ತಿಲ್ಲ ನೋಡಿ." ಅಮ್ಮ ಹಣೆಗೆ ಕೈ ಒತ್ತಿಕೊಂಡರು. "ಆ ಹುಡುಗಿ ನಮ್ಮನೇಲೇ ಉಂಡು ನಮ್ಮನೆಗೇ ಕನ್ನ ಹಾಕಿದ್ಲಲ್ಲ ಮೇಡಂ."

"ಮಗಳು ಓದೋಕೆ ಹೋಗೋದು ನಿಮಗೆ ಇಷ್ಟ ಇತ್ತಾ?"

"ಅಯ್ಯೋ! ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದೀನಿ, ನನ್ನ ಮಗಳು ಡಿಗ್ರಿ ನರ್ಸ್ ಆಗ್ತಾಳೆ ಅಂತ. ಅವಳ ಕೈಗುಣ ಅಂಥಾದ್ದು. ನನ್ನನ್ನ ಮಗು ಥರ ನೋಡ್ಕೋತಾಳೆ." ಕಣ್ಣೊರೆಸಿಕೊಂಡರು. "ಆವತ್ತು ಅಳ್ತಾ ಬಂದ್ಲು. ಬೆಳಕು ನೋಡೋಕೆ ಆಗಲ್ಲ ಅಂತ ಒದ್ದಾಡ್ತಿದ್ಲು. ಸೊಸೆಗೆ ಹೇಳಿ ಪರದೆ ಎಳೆಸಿದೆ, ನನ್ನ ಕಪ್ಪು ಕನ್ನಡಕ ಕೊಟ್ಟೆ. ನನ್ನ ಕೈಯಲ್ಲಿ ಆಗೋದು ಅಷ್ಟೇ ತಾನೆ?"

ನನಗೆ ಎದೆ ಚುರ್ ಅಂದಿತು. ತಾಯಿ ಅಂದರೆ ಇವರು ಅನ್ನಿಸಿತು. ನಾನು ಬರೆದುಕೊಂಡೆ.

ಅಡುಗೆಮನೆಯಲ್ಲಿ ಹುಡುಗಿಯ ಅತ್ತಿಗೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು. ಗಂಡ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಮುಖ ತೋರಿಸುವವನು.

"ನಾದಿನಿ ಹಾಸ್ಟೆಲ್‌ಗೆ ಹೋದ್ರೆ ಅತ್ತೇನ ಯಾರು ನೋಡ್ಕೋತಿದ್ರು?" ಮೇಡಂ ಕೇಳಿದರು.

"ಇನ್ಯಾರು? ನಾನೇ! ಸಂಬಳ ಇಲ್ಲದ ಆಳು."

"ಅಂದ್ರೆ ಅವಳು ಹೋಗದೇ ಇದ್ರೆ ನಿಮಗೇ ಒಳ್ಳೇದು."

"ಒಳ್ಳೇದೇ! ಸುಳ್ಳು ಯಾಕೆ ಹೇಳ್ಲಿ?" ಸೌಟು ಠಣ್ ಅಂತ ಬಿತ್ತು. "ನಾನೇ ಮಾಡಿದೆ ಅಂತ ಬರ್ಕೊಳ್ಳಿ ಹಾಗಾದ್ರೆ! ಪರೀಕ್ಷೆ ದಿನ ಬೆಳಿಗ್ಗೆಯಿಂದ ನನಗೆ ಉಸಿರಾಡೋಕೆ ಪುರುಸೊತ್ತಿರಲಿಲ್ಲ. ಅವಳು ಹೊರಟ ತಕ್ಷಣ ಶುರು—ಬಟ್ಟೆ ನೆನೆಹಾಕು, ಮಾಳಿಗೆ ಗುಡಿಸು, ಅವಳ ಕೋಣೆ ಪರದೆ ಎಳಿ, ಕನ್ನಡಕ ತಗೊಂಡು ಹೋಗಿ ಇಡು, ನನಗೆ ಬಿಸಿನೀರು ಕಾಯಿಸು, ಬೆನ್ನು ಉಜ್ಜು. ಡ್ರಾಪ್ಸ್ ಅದಲು ಬದಲು ಮಾಡೋಕೆ ನನಗೆ ಹತ್ತು ಕೈ ಇದೆಯಾ?"

ಬಾಯಿಬಡುಕಿ. ಇವಳೇ ಅಂತ ನನ್ನ ಒಳಮನಸ್ಸು ಹೇಳಿಬಿಟ್ಟಿತು. ಉದ್ದೇಶ ಇದೆ, ಬಾಟಲಿ ಕೈಯಳತೆಯಲ್ಲಿದೆ, ನಾಲಿಗೆಯಲ್ಲಿ ವಿಷ ಇದೆ. ಇನ್ನೇನು ಬೇಕು? ಮೇಡಂ ಮಾತ್ರ ಅವಳಿಗೊಂದು ಥ್ಯಾಂಕ್ಸ್ ಹೇಳಿ ಹೊರಗೆ ಬಂದರು.

ಮಾಳಿಗೆಯ ಕೋಣೆಯಲ್ಲಿ ಹುಡುಗಿ ಪುಸ್ತಕ ಹರಡಿಕೊಂಡು ಕೂತಿದ್ದಳು. ಕಣ್ಣು ಸರಿಹೋಗಿತ್ತು. ಮುಖ ಸರಿಯಿರಲಿಲ್ಲ.

"ಮರುಪರೀಕ್ಷೆ ಸಿಗುತ್ತಾ ಮೇಡಂ?"

"ಆಮೇಲೆ ಹೇಳ್ತೀನಿ. ಆ ದಿನ ಪರೀಕ್ಷೆ ಹಾಲ್‌ನಿಂದ ಮನೆಗೆ ಹೇಗೆ ಬಂದೆ?"

"ಮೇಲ್ವಿಚಾರಕಿ ಮೇಡಂ ಆಟೊ ಹತ್ತಿಸಿದ್ರು. ದಾರಿ ಪೂರ್ತಿ ಮುಖ ಮುಚ್ಚಿಕೊಂಡಿದ್ದೆ. ಬೆಳಕು ಸೂಜಿ ಚುಚ್ಚಿದ ಹಾಗೆ ಚುಚ್ಚೋದು."

"ಮನೆಗೆ ಯಾರಾದ್ರೂ ಫೋನ್ ಮಾಡಿದ್ರಾ?"

"ಇಲ್ಲ. ನನ್ನ ಹತ್ರ ಫೋನೇ ಇರಲಿಲ್ಲ, ಪರೀಕ್ಷೆಗೆ ತರಬಾರದು ಅಂದಿದ್ರಲ್ಲ."

"ಬಂದ ಮೇಲೆ?"

"ಹೊರಗಿನ ಮೆಟ್ಟಿಲು ಹತ್ತಿ ಸೀದಾ ಇಲ್ಲಿಗೆ ಬಂದೆ. ಯಾರಿಗೂ ಮುಖ ತೋರಿಸೋಕೆ ಮನಸ್ಸಾಗಲಿಲ್ಲ. ಪುಣ್ಯಕ್ಕೆ ಕೋಣೆ ಕತ್ತಲಾಗಿತ್ತು. ಅಮ್ಮನ ಕಪ್ಪು ಕನ್ನಡಕಾನೂ ದಿಂಬಿನ ಮೇಲೇ ಇತ್ತು, ಹಾಕ್ಕೊಂಡು ಬಿದ್ಕೊಂಡೆ. ಎಷ್ಟೋ ಹೊತ್ತಾದ ಮೇಲೆ ಕೆಳಗೆ ಹೋಗಿ ಅಮ್ಮನ ಮಡಿಲಲ್ಲಿ ಅತ್ತೆ."

ಮೇಡಂ ಕಿಟಕಿಯ ಪರದೆಯನ್ನು ಒಮ್ಮೆ ಎಳೆದು ನೋಡಿದರು. ಆಮೇಲೆ, "ಪುಸ್ತಕ ಮುಚ್ಚು. ಕೆಳಗೆ ಬಾ," ಅಂದರು. ದನಿ ಮೆತ್ತಗಿತ್ತು. ಆ ದನಿ ಮೆತ್ತಗಾದರೆ ನನಗೆ ಭಯ.

ಹಾಲ್‌ನಲ್ಲಿ ಎಲ್ಲರನ್ನೂ ಸೇರಿಸಿದರು. ಅತ್ತಿಗೆ ಬಾಗಿಲಿಗೆ ಒರಗಿ ನಿಂತಳು. ಹುಡುಗಿ ಅಮ್ಮನ ಕಾಲ ಬಳಿ ಕೂತು, ಅಭ್ಯಾಸದಂತೆ ಪಾದ ಒತ್ತತೊಡಗಿದಳು.

"ಗುಮಾಸ್ತರೇ, ಇಷ್ಟು ಹೊತ್ತು ಬರ್ಕೊಂಡ್ರಲ್ಲ—ಯಾರು ಅಂತೀರ?"

ನಾನು ಅತ್ತಿಗೆಯ ಕಡೆ ನೋಡಿದೆ. ಬಾಯಿ ಬಿಡಲಿಲ್ಲ, ಅಷ್ಟು ಬುದ್ಧಿ ಇತ್ತು.

"ಈ ಮನೇಲಿ ನೀವು ಮೂರು ಹೇಳಿಕೆ ಬರ್ಕೊಂಡ್ರಿ, ಮೂರರಲ್ಲೂ ಒಂದೇ ಪರದೆ ಇತ್ತು. ನಿಮ್ಮ ಕಣ್ಣಿಗೆ ಯಾರೂ ಡ್ರಾಪ್ಸ್ ಹಾಕಿರಲಿಲ್ಲವಲ್ಲ?" ನನಗೆ ಕಿವಿ ಬಿಸಿಯಾಯಿತು. ಮೇಡಂ ಮುಂದುವರಿಸಿದರು. "ಅಮ್ಮ ಹೇಳಿದ್ರು, ಮಗಳು ಅಳ್ತಾ ಬಂದಮೇಲೆ ಪರದೆ ಎಳೆಸಿದೆ ಅಂತ. ಮಗಳು ಹೇಳ್ತಾಳೆ, ನಾನು ಯಾರಿಗೂ ಮುಖ ತೋರಿಸದೆ ಮೇಲೆ ಹೋದೆ, ಆಗಲೇ ಕೋಣೆ ಕತ್ತಲಾಗಿತ್ತು ಅಂತ. ಸೊಸೆ ಹೇಳ್ತಾಳೆ, ಅವಳು ಪರೀಕ್ಷೆಗೆ ಹೊರಟ ತಕ್ಷಣ ಎಳೆದೆ ಅಂತ. ಅಂದ್ರೆ ಆ ಹೊತ್ತಿಗೆ ಹುಡುಗಿ ಇನ್ನೂ ಬಸ್ಸಿನಲ್ಲಿದ್ದಾಳೆ. ಕಣ್ಣು ಕೆಟ್ಟಿದೆ ಅಂತ ಅವಳಿಗೇ ಗೊತ್ತಿಲ್ಲ!"

ಪಾದ ಒತ್ತುತ್ತಿದ್ದ ಕೈ ನಿಂತಿತು.

"ಪರದೆ ಎಳಿ ಅಂತ ಹೇಳಿದ್ದು ಯಾರು?" ಮೇಡಂ ಸೊಸೆಯನ್ನು ಕೇಳಿದರು.

"ಅತ್ತೆ," ಅಂದಳು ಅವಳು. "ಕನ್ನಡಕ ದಿಂಬಿನ ಮೇಲೆ ಇಡು ಅಂದಿದ್ದೂ ಅವರೇ."

"ಸಾಯಂಕಾಲ ದಣಿದು ಬಂದು ಮಲಗ್ಲಿ ಅಂತ ಎಳೆಸಿದೆ!" ಅಮ್ಮ ತಟ್ಟನೆ ಅಂದರು. "ತಪ್ಪಾ?"

"ಮಲಗೋರಿಗೆ ಕಪ್ಪು ಕನ್ನಡಕ ಯಾಕೆ?"

ಅಮ್ಮ ತಟ್ಟೆಯ ಬಾಟಲಿಗಳನ್ನು ಸಾಲಾಗಿ ಜೋಡಿಸತೊಡಗಿದರು.

"ನಿಮ್ಮ ಕಣ್ಣಿಗೆ ಆ ಹನಿ ಬಿದ್ದಾಗ ಬೆಳಕು ಹೇಗೆ ಚುಚ್ಚುತ್ತೆ ಅಂತ ನಿಮಗೆ ಗೊತ್ತು," ಮೇಡಂ ಹೇಳಿದರು. "ಸೀಟಿನ ಮೇಲೆ ಹೊಟ್ಟೆಕಿಚ್ಚಿರೋ ಗೆಳತಿ ಆಗಿದ್ರೆ, ಇವಳ ತಲೆ ಸಿಡಿದ್ರೂ ಅವಳಿಗೇನು? ಕೆಲಸದ ಸಿಟ್ಟಿರೋ ಅತ್ತಿಗೆ ಆಗಿದ್ರೆ ಪರದೆ ವಿಷಯ ತಾನಾಗಿ ಬಾಯಿಬಿಡ್ತಿರಲಿಲ್ಲ. ಮಗಳ ಪರೀಕ್ಷೆ ಹಾಳಾಗ್ಬೇಕು, ಆದ್ರೆ ಅವಳ ತಲೆ ನೋಯಬಾರದು. ಹೀಗೆ ಯೋಚನೆ ಮಾಡೋದು ಹೆತ್ತವಳೊಬ್ಬಳೇ. ಡ್ರಾಪ್ಸ್ ಬದಲಾಯಿಸಿದ್ದು ನೀವು."

"ಅಮ್ಮಾ?" ಹುಡುಗಿ ತಲೆಯೆತ್ತಿದಳು. "ಇಲ್ಲ ಅನ್ನು."

ಅಮ್ಮ ಅಳಲಿಲ್ಲ. ನಾನು ಅಳುತ್ತಾರೆ ಅಂದುಕೊಂಡಿದ್ದೆ. ಕುರ್ಚಿಯಲ್ಲಿ ನೆಟ್ಟಗಾದರು.

"ಹೌದು ಕಣ್ರೀ, ಹಾಕಿದೆ. ರಾತ್ರಿ ಚೀಲ ನನ್ನ ಮಂಚದ ಮೇಲೇ ಇತ್ತು. ಏನೀಗ? ನಾಲ್ಕು ವರ್ಷ ಹಾಸ್ಟೆಲ್ ಅಂತೆ. ನನ್ನನ್ನ ಈ ಸೊಸೆ ಕೈಗೆ ಹಾಕಿ ಹೋಗ್ತಾಳಂತೆ. ಊರವರ ಮಲ ಮೂತ್ರ ಬಳಿಯೋಕೆ ಡಿಗ್ರಿ ಬೇಕಾ? ನನಗೆ ಮಾಡ್ತಿದ್ದಾಳಲ್ಲ, ಡಿಗ್ರಿ ಇಲ್ಲದೇನೇ!"

"ಬೇಡ ಅಂತ ಬಾಯಿಬಿಟ್ಟು ಹೇಳಬಹುದಿತ್ತು."

"ಹೇಳಿದ್ರೆ ನಾನು ಕೆಟ್ಟವಳಾಗ್ತಿರಲಿಲ್ವಾ? ಬೀದಿಗೆಲ್ಲ ಡಂಗುರ ಹೊಡೆದಾಗಿತ್ತು. ಒಂದು ಪರೀಕ್ಷೆ ತಾನೆ? ಫೇಲಾಗ್ತಾಳೆ, ಎರಡು ದಿನ ಅಳ್ತಾಳೆ, ಮನೇಲಿರ್ತಾಳೆ ಅಂದ್ಕೊಂಡೆ. ಡಾಕ್ಟರ ಕರೀತಾರೆ ಅಂತ ನನಗೇನು ಕನಸು ಬಿದ್ದಿತ್ತಾ?"

"ಗೆಳತಿ ಹೆಸರು ಬೀದಿ ಪಾಲಾದಾಗ?"

"ನಾನು ಅವಳ ಹೆಸರು ಎತ್ತಿದ್ನಾ?" ಅಮ್ಮ ಮಗಳ ಕಡೆ ಬೊಟ್ಟು ಮಾಡಿದರು. "ಬರೆದವಳು ಇಲ್ಲಿ ಕೂತಿದ್ದಾಳೆ, ಕೇಳಿ."

ಹುಡುಗಿ ಮೆಲ್ಲಗೆ ಎದ್ದು ನಿಂತಳು. "ಆವತ್ತು ಬೆಳಿಗ್ಗೆ ಆತುರದಲ್ಲಿ ನಾನು ಮರೆತೇಬಿಟ್ಟಿದ್ದೆ. ಬಾಗಿಲ ತನಕ ಹೋಗಿದ್ದೆ. ನೀನೇ ಕೂಗಿ ಕರೆದೆ. 'ಪುಟ್ಟಿ, ಕಣ್ಣಿಗೆ ಹಾಕ್ಕೊಂಡ್ಯಾ?' ಅಂತ."

ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದರು. ನನ್ನ ಪೆನ್ನು ನಿಂತಿತ್ತು.

ಮೇಡಂ ಹಾಳೆ ತೆಗೆಸಿದರು. "ನೋಡಮ್ಮ, ನಿಯಮ ಹೇಳ್ತೀನಿ. ದೂರು ಕೊಟ್ಟವರ ಸಹಿ ಇಲ್ಲದೆ ಬಾಯಿಮಾತಿನ ಒಪ್ಪಿಗೆ ಕಡತದಲ್ಲಿ ನಿಲ್ಲಲ್ಲ. ಹೊಸ ದೂರಿನಲ್ಲಿ ಮಾಡಿದವರ ಹೆಸರು ಬರೆದು ನೀನು ಸಹಿ ಹಾಕಿದ್ರೆ ಸೋಮವಾರ ಪರೀಕ್ಷೆಗೆ ಕೂರ್ತೀಯ. ಗೆಳತಿಯ ಫಲಿತಾಂಶಾನೂ ಬಿಡುಗಡೆ ಆಗುತ್ತೆ. ಅವಳ ಹೆಸರು ಹಾಕಿದ ಬೋರ್ಡಿನಲ್ಲೇ ಈ ಹೆಸರೂ ಹಾಕಬೇಕು. ಪೊಲೀಸು ಗೀಲೀಸು ನಿನ್ನಿಷ್ಟ. ಸಹಿ ಹಾಕಲ್ಲ ಅಂದ್ರೆ, ಎಲ್ಲಾ ಈಗ ಇದ್ದ ಹಾಗೇ ಇರುತ್ತೆ."

"ಹಾಕಲ್ಲ ಅವಳು," ಅಂದರು ಅಮ್ಮ. ತುಟಿಯಲ್ಲಿ ನಗುವಿತ್ತು. ಆ ನಗು ಕಂಡು ನನ್ನ ಮೈ ಉರಿದುಹೋಯಿತು. "ನನ್ನ ಮಗಳು ನನಗೆ ಗೊತ್ತಿಲ್ವಾ?"

ಹುಡುಗಿ ಹಾಳೆ ನೋಡುತ್ತಾ ನಿಂತಳು. ಬಹಳ ಹೊತ್ತು ನಿಂತಳು.

"ಗೆಳತಿ ಹೆಸರು ಬರೆಯೋವಾಗ ಇಷ್ಟು ಹೊತ್ತು ಯೋಚನೆ ಮಾಡಿದ್ಯಾ?" ಕೇಳಿದರು ಮೇಡಂ.

ಇಂಥ ಹೊತ್ತಿನಲ್ಲಿ ಇಂಥ ಮಾತು ಬೇಕಿತ್ತೇ? ಸೂಜಿ ಅಂತ ಸುಮ್ಮನೆ ಕರೆಯುತ್ತಾರೆಯೇ? ಹುಡುಗಿಯ ಮುಖ ಕಪ್ಪಿಟ್ಟಿತು. ಅಮ್ಮನ ಕಡೆ ತಿರುಗಿದಳು.

"ಅಮ್ಮಾ, ತಪ್ಪಾಯ್ತು ಅಂತ ಒಂದು ಮಾತು ಹೇಳು. ಅವಳ ಮನೆಗೆ ನಾನೇ ಹೋಗಿ ಕಾಲು ಹಿಡ್ಕೋತೀನಿ. ಬೇರೆ ಏನಾದ್ರೂ ದಾರಿ ಇದೆಯಾ ಅಂತ ಮೇಡಂನ ಬೇಡ್ಕೋತೀನಿ. ಒಂದೇ ಒಂದು ಮಾತು."

"ಯಾಕೆ ಹೇಳ್ಲಿ? ಹೆತ್ತು ಸಾಕಿದ್ದಕ್ಕಾ?"

ಹುಡುಗಿ ನನ್ನ ಕೈಯಿಂದ ಪೆನ್ನು ತಗೊಂಡಳು. ಬರೆದಳು. ಸಹಿ ಹಾಕಿದಳು. ಅಕ್ಷರ ಎಲ್ಲೂ ನಡುಗಿರಲಿಲ್ಲ.

"ಪುಟ್ಟೀ! ಬೀದಿಯವರು ಉಗೀತಾರೆ ಕಣೇ ನನಗೆ! ಹರಿ ಅದನ್ನ!" ಅಮ್ಮ ಏಳಲು ನೋಡಿದರು, ಆಗಲಿಲ್ಲ. ಬಾಗಿಲ ಕಡೆ ತಿರುಗಿದರು. "ನೀನಾದ್ರೂ ಹೇಳೇ ಇವಳಿಗೆ!"

"ನನ್ನ ಕಡೆ ನೋಡಬೇಡಿ ಅತ್ತೆ," ಅಂದಳು ಸೊಸೆ. "'ಈ ಸೊಸೆ ಕೈಗೆ' ಅಂದ್ರಲ್ಲ, ಚೆನ್ನಾಗಿ ಕೇಳಿಸ್ತು." ಅವಳು ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡಳು.

ನಾವು ಕಾಗದ ಮಡಚಿಕೊಂಡು ಹೊರಡುವುದರಲ್ಲಿದ್ದೆವು. ಅಮ್ಮನ ಹಟವೆಲ್ಲ ಆಗ ಒಮ್ಮೆಲೇ ಕುಸಿಯಿತು. "ನನಗೆ ಬಚ್ಚಲಿಗೆ ಹೋಗ್ಬೇಕು," ಅಂದರು, ಸಣ್ಣ ದನಿಯಲ್ಲಿ. "ಯಾರಾದ್ರೂ ಬನ್ರೇ."

ಹುಡುಗಿ ಕೈ ತೊಳೆದುಕೊಂಡು ಬಂದಳು. ವಾಕರನ್ನು ಸರಿಯಾಗಿ ಎದುರಿಗಿಟ್ಟಳು. ಒಂದು ಕೈ ಅಮ್ಮನ ಬೆನ್ನಿಗೆ, ಇನ್ನೊಂದು ಮೊಣಕೈಗೆ ಕೊಟ್ಟಳು.

"ಏಳಿ," ಅಂದಳು. "ನಿಧಾನಕ್ಕೆ. ಎಡಗಾಲಿನ ಮೇಲೆ ಭಾರ ಬಿಡಬೇಡಿ."

ಅಮ್ಮನ ಮುಖ ಬಿಳಿಚಿಕೊಂಡಿತು. "ಏನೇ ಅದು ಏಳಿ, ಬಿಡಬೇಡಿ ಅಂತ? ನಿನ್ನ ಅಮ್ಮ ಕಣೇ ನಾನು!"

"ಗಾಬರಿ ಆಗಬೇಡಿ. ಹಿಡ್ಕೊಂಡಿದ್ದೀನಿ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೇ ಸಮಾಧಾನವಾಗುತ್ತಿತ್ತು. ಗುರುತಿಲ್ಲದ ರೋಗಿಯ ಜೊತೆ ಆಡುವ ಮಾತು ಅದು, ಮರ್ಯಾದೆಯ ಮಾತು. ಮುದುಕಿ ಮಗಳ ತೋಳಿನ ಬಟ್ಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಗೊಳೋ ಎಂದು ಅತ್ತಳು. ಹುಡುಗಿ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನೋವಾಗದ ಹಾಗೆ, ವಾಕರಿನ ಹಿಡಿಯ ಮೇಲೆ ಇಟ್ಟಳು.